ಸರಿಯಾದ ವಯಸ್ಸುಗಳ ಮೇಲೆ ನನ್ನ ಅನುಮಾನ

ನನ್ನದು ಹುಟ್ಟಾ ಅನುಮಾನದ ಸ್ವಭಾವ. ತರಕಾರಿ ಭಯ್ಯಾ ತಕ್ಕಡಿ ಎತ್ತಿದರೆ ನನ್ನ ಕಣ್ಣು ಅವನ ಕಿರುಬೆರಳಿನ ಮೇಲಿರುತ್ತಿತ್ತು. ಆಟೋದ ಮೀಟರು, ಹಾಲಿನ ಪ್ಯಾಕೆಟ್ಟು, ವಸಂತ್ ಕುಂಜ್‌ನಲ್ಲಿ ನಾನಿದ್ದ ಬಾಡಿಗೆ ಫ್ಲ್ಯಾಟಿನ ನೀರಿನ ಟ್ಯಾಂಕು, ಯಾವುದನ್ನೂ ನಾನು ಸುಮ್ಮನೆ ನಂಬಿದವಳಲ್ಲ. ಮಂಗಳವಾರ ಬರುತ್ತೇನೆ ಎಂದ ಪ್ಲಂಬರು ಮಂಗಳವಾರವೇ ಬಂದರೆ, ಇವನಿಗೆ ಬೇರೆ ಕೆಲಸವೇ ಇಲ್ಲವೇ, ಕೆಲಸ ಬರುತ್ತದೋ ಇಲ್ಲವೋ ಎಂದು ಅದಕ್ಕೂ ಅನುಮಾನ. ಅಮ್ಮ ಊರಿನಿಂದ ಫೋನಿನಲ್ಲಿ ಬೈಯುತ್ತಿದ್ದರು, "ಬೆಣ್ಣೆಯಲ್ಲೂ ಕಲ್ಲು ಹುಡುಕುವವಳು ನೀನು" ಎಂದು. ದಿಲ್ಲಿಗೆ ಬಂದ ಮೇಲೆ ಈ ಗುಣಕ್ಕೆ ಸಂಬಳವೂ ಸಿಗತೊಡಗಿತು.

ನಾನು ಕೆಲಸ ಮಾಡುತ್ತಿದ್ದದ್ದು ಸಮೀಕ್ಷೆ ನಡೆಸುವ ಒಂದು ಸಂಸ್ಥೆಯಲ್ಲಿ. ಹುಡುಗ ಹುಡುಗಿಯರು ಬಸ್ತಿಗಳಿಗೆ, ಅಂದರೆ ಕೊಳೆಗೇರಿಗಳಿಗೆ, ಹೋಗಿ ಮನೆಮನೆಯಲ್ಲೂ ಪ್ರಶ್ನೆ ಕೇಳಿ ಫಾರ್ಮು ತುಂಬಿ ತರುತ್ತಿದ್ದರು. ಹತ್ತು ಫಾರ್ಮಿಗೊಂದರಂತೆ ಆರಿಸಿಕೊಂಡು ಅದೇ ಮನೆಗಳಿಗೆ ಮತ್ತೆ ಹೋಗಿ, ಅದೇ ಪ್ರಶ್ನೆಗಳನ್ನು ಕೇಳಿ, ಉತ್ತರ ತಾಳೆಯಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ನಾವು ಅದನ್ನು ಬ್ಯಾಕ್‌ಚೆಕ್ ಎನ್ನುತ್ತಿದ್ದೆವು. ತಾಳೆಯಾಗದಿದ್ದರೆ ತುಂಬಿದವರ ಅಷ್ಟೂ ಫಾರ್ಮು ರದ್ದು, ಅವರ ಕೆಲಸವೂ ಹೋಗುತ್ತಿತ್ತು.

ಆಫೀಸಿನ ಗೋಡೆಯ ಮೇಲೆ ಎಂಟು ಬಣ್ಣದ ಎಂಟು ಚೌಕಗಳ ಒಂದು ಪೋಸ್ಟರು. ಲೋಕದ ದೇಶಗಳೆಲ್ಲ ಸೇರಿ ಒಪ್ಪಿಕೊಂಡ ಎಂಟು ಗುರಿಗಳು. ಮೊದಲನೆಯದೇ ಬಡತನ ಮತ್ತು ಹಸಿವು. ಎರಡು ಸಾವಿರದ ಹದಿನೈದರೊಳಗೆ ಎರಡನ್ನೂ ಅರ್ಧಕ್ಕಿಳಿಸಬೇಕು. ಆ ದೊಡ್ಡ ಗುರಿಯ ಒಂದು ಚೂರು ನಮ್ಮ ಪಾಲಿಗೆ ಬಂದಿತ್ತು. ಘಾಜಿಯಾಬಾದ್ ಕಡೆಯ ಕೆಲವು ಬಸ್ತಿಗಳಲ್ಲಿ ಒಂದು ಯೋಜನೆ ನಡೆಯುತ್ತಿತ್ತು. ಶುರುವಾಗುವ ಮೊದಲೊಮ್ಮೆ ಅಳೆದಿದ್ದರು, ಈಗ ಮತ್ತೆ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ಪ್ರಗತಿ. ನನಗೆ ಆ ವ್ಯತ್ಯಾಸದ ಮೇಲೂ ಅನುಮಾನವಿತ್ತು. ಆದರೆ ನನ್ನನ್ನು ನೇಮಿಸಿಕೊಂಡದ್ದು ಕೆಳಗಿನವರನ್ನು ಅನುಮಾನಿಸಲಿಕ್ಕೆ, ಮೇಲಿನವರನ್ನು ಅನುಮಾನಿಸಲು ಯಾರೂ ಹೇಳಿರಲಿಲ್ಲ.

ಫಾರ್ಮು ತುಂಬುವವರಲ್ಲಿ ಒಬ್ಬಳು ನಮ್ಮವಳೇ. ಅವಳ ಅಪ್ಪ ಕುಂದಾಪುರದ ಕಡೆಯಿಂದ ಬಂದು, ದಿಲ್ಲಿಯ ಒಂದು ದಕ್ಷಿಣ ಭಾರತೀಯ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಇಪ್ಪತ್ತೈದು ವರ್ಷ ನಿಂತವರು. ಈಗ ಮೊಣಕಾಲು ಕೈಕೊಟ್ಟು ಮನೆಯಲ್ಲಿ ಕೂತಿದ್ದರು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಿಂದ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವಳ ಕನ್ನಡ ಕಾಲು ಎಳೆಯುತ್ತಿತ್ತು. ಅರ್ಧ ವಾಕ್ಯ ಕನ್ನಡ, ಉಳಿದರ್ಧ ಹಿಂದಿ. ನನ್ನನ್ನು 'ಅಕ್ಕ' ಎನ್ನುತ್ತಿದ್ದಳು. ಹಾಗೆ ಕರೆದು ನನ್ನ ತಲೆ ಸವರಲು ನೋಡುತ್ತಿದ್ದಾಳೆ ಎಂದು ನಾನು ಅದನ್ನೂ ಅನುಮಾನದಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

ಅವಳ ಫಾರ್ಮುಗಳು ಮೇಜಿನ ಮೇಲೆ ಬಂದ ದಿನವೇ ನನ್ನ ಮೂಗು ಚುರುಕಾಯಿತು. ಅರವತ್ತು ಮನೆ. ಬೇರೆ ಬಸ್ತಿಗಳಲ್ಲಿ ಹಸಿವಿನ ಪ್ರಶ್ನೆಗೆ ಹೌದು ಎಂದ ಮನೆಗಳನ್ನು ಹುಡುಕಬೇಕಾಗಿತ್ತು. ಇವಳ ಬಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರು ಹೌದು ಎಂದಿದ್ದರು. ಬೇರೆಯವರು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ ಮನೆಗೆ ಇವಳು ಎರಡು ಗಂಟೆ ಹಿಡಿದಿದ್ದಳು. ಎಲ್ಲಕ್ಕಿಂತ ಮಿಗಿಲಾಗಿ ವಯಸ್ಸುಗಳು.

ವಯಸ್ಸಿನ ವಿಷಯದಲ್ಲಿ ನನ್ನದೇ ಒಂದು ಗುಟ್ಟಿನ ಪರೀಕ್ಷೆಯಿತ್ತು. ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಕಂಡುಕೊಂಡದ್ದು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಬಸ್ತಿಯ ಹೆಂಗಸರಿಗೆ ತಮ್ಮ ವಯಸ್ಸು ಗೊತ್ತಿರುವುದಿಲ್ಲ. ಕೇಳಿದರೆ ಮೂವತ್ತು ಎನ್ನುತ್ತಾರೆ, ಮೂವತ್ತೈದು ಎನ್ನುತ್ತಾರೆ, ನಲವತ್ತು ಬರೆದುಕೋ ಎನ್ನುತ್ತಾರೆ. ನಿಜವಾಗಿ ಮನೆಗೆ ಹೋಗಿ ಕೇಳಿ ಬರೆದ ಫಾರ್ಮಿನಲ್ಲಿ ಸೊನ್ನೆ ಮತ್ತು ಐದರ ಜಾತ್ರೆಯೇ ನೆರೆದಿರುತ್ತದೆ. ಪಾರ್ಕಿನ ಬೆಂಚಿನ ಮೇಲೆ ಕೂತು ಮನಸ್ಸಿಗೆ ಬಂದದ್ದು ತುಂಬುವವರು ಮಾತ್ರ ಮೂವತ್ತೇಳು, ನಲವತ್ತಮೂರು, ಇಪ್ಪತ್ತೊಂಬತ್ತು ಎಂದು ಬಗೆಬಗೆಯಾಗಿ ಬರೆಯುತ್ತಾರೆ. ಈ ಪರೀಕ್ಷೆಯಿಂದ ಹಿಂದೆ ಇಬ್ಬರನ್ನು ಹಿಡಿದು ಮನೆಗೆ ಕಳಿಸಿದ್ದೆ.

ಇವಳ ಫಾರ್ಮಿನಲ್ಲಿ ಎಲ್ಲಿ ನೋಡಿದರೂ ಮೂವತ್ತೇಳು, ನಲವತ್ತಮೂರು, ಐವತ್ತೇಳು. ಬಂದೆಯಾ ಕೈಗೆ, ಎಂದುಕೊಂಡೆ.

ನಮ್ಮ ಮೇಲಧಿಕಾರಿ ದಾವಣಗೆರೆಯ ಕಡೆಯವರು. ದಿಲ್ಲಿಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ಅವರ ಮುಂದೆ ಕಟ್ಟು ಇಟ್ಟಾಗ ಅವರು ಹಸಿವಿನ ಪುಟವೊಂದನ್ನೇ ತಿರುವಿ ನೋಡಿದರು.

"ಅಚ್ಛಾ. ಇದು ಬೇರೆ ಎಲ್ಲದರ ಜೊತೆ ಹೊಂದೋದೇ ಇಲ್ಲವಲ್ರೀ. ಹೋಗಿ ನೋಡ್ಕೊಂಡು ಬನ್ನಿ. ಆರು ಮನೆ ಸಾಕು."

ಆ ಮುಖದಲ್ಲಿ ಒಂದು ಸಮಾಧಾನ ಕಂಡಿತು. ನನಗೆ ಅದೂ ಅನುಮಾನ ಹುಟ್ಟಿಸಬೇಕಿತ್ತು. ನನ್ನ ಕೋಪವೆಲ್ಲ ಆ ಹುಡುಗಿಯ ಮೇಲಿದ್ದದ್ದರಿಂದ ಅತ್ತ ಗಮನ ಕೊಡಲಿಲ್ಲ.

ಬಸ್ಸು, ಮೆಟ್ರೋ, ಕೊನೆಗೆ ಎಂಟು ಜನರನ್ನು ತುರುಕಿಕೊಂಡ ಶೇರ್ ಆಟೋ. ಬಸ್ತಿ ರೈಲುಹಳಿಯ ಪಕ್ಕ, ಓಣಿ ಎರಡಾಳು ಅಗಲ. ಹೋಗುವಷ್ಟರಲ್ಲಿ ಬೆವರು, ಸಿಟ್ಟು ಎರಡೂ ನೆತ್ತಿಗೇರಿದ್ದವು. ಬಾಗಿಲಲ್ಲಿ ನಿಂತೇ ಕೇಳಿದೆ. ಪ್ರಶ್ನೆಪುಸ್ತಕದಲ್ಲಿದ್ದ ಹಾಗೆ, ಒಂದಕ್ಷರ ಹೆಚ್ಚು ಕಡಿಮೆ ಮಾಡದೆ. ನಿಯಮವೇ ಹಾಗೆ. ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳದಿದ್ದರೆ ಒಬ್ಬರ ಉತ್ತರವನ್ನು ಇನ್ನೊಬ್ಬರದರ ಪಕ್ಕ ಇಡುವಂತಿಲ್ಲ.

ಫಾರ್ಮಿನಲ್ಲಿ ಮೂವತ್ತೇಳು ಎಂದಿದ್ದವಳು ನನಗೆ "ಮೂವತ್ತು ಬರ್ಕೊಳ್ಳಿ" ಎಂದಳು. ನಲವತ್ತಮೂರರವಳು ನಲವತ್ತು ಎಂದಳು. ಐವತ್ತೇಳು ಎಂದು ಬರೆದಿದ್ದ ಮುದುಕಿ, ಓಣಿಯ ಕೊನೆಯ ಮನೆಯವಳು, ಕೈಬೀಸಿ "ಐವತ್ತೋ ಅರವತ್ತೋ, ನಿಮಗೆ ಹೇಗೆ ಬೇಕೋ ಹಾಗೆ" ಎಂದಳು. ಆಮೇಲೆ ಹಸಿವಿನ ಪ್ರಶ್ನೆ. ಕಳೆದ ಮೂವತ್ತು ದಿನಗಳಲ್ಲಿ ಆಹಾರ ಸಾಲದೆ ಮನೆಯಲ್ಲಿ ಯಾರಾದರೂ ಊಟ ಬಿಟ್ಟದ್ದುಂಟೇ? ಮುದುಕಿಯ ಸೊಸೆ ಒಳಗಿನಿಂದಲೇ ಸಿಡಿದಳು, "ನಾವೇನು ಭಿಕಾರಿಗಳಾ ಮೇಡಂ? ದೇವರ ದಯೆಯಿಂದ ಎಲ್ಲರೂ ಉಣ್ಣುತ್ತೇವೆ." ಆರಕ್ಕೆ ಆರೂ ಮನೆಯಲ್ಲಿ ಇಲ್ಲ, ಇಲ್ಲ, ಇಲ್ಲ.

ಹಿಂದಿರುಗುವಾಗ ನನಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಆರು ಹಾಳೆಯ ಮೇಲೂ 'ತಾಳೆಯಾಗುವುದಿಲ್ಲ' ಎಂದು ಬರೆದು, ಕೆಳಗೆ ಉದ್ದಕ್ಕೆ ಸಹಿ ಹಾಕಿದೆ. ಮರುದಿನದಿಂದ ಫೀಲ್ಡಿಗೆ ಹೋಗಬೇಡ ಎಂದು ಅವಳಿಗೆ ಹೇಳಿ ಕಳಿಸಿದರು. ತೀರ್ಮಾನದ ಕಾಗದ ಒಂದು ವಾರದಲ್ಲಿ ಬರಬೇಕಿತ್ತು.

ಅವಳು ಅಳುತ್ತಾ ಬರುತ್ತಾಳೆ ಎಂದು ಕಾದಿದ್ದೆ, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ಬಂದದ್ದು ಮಧ್ಯಾಹ್ನ, ನಾನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ. ಅಳಲಿಲ್ಲ.

"ಅಕ್ಕ, ಒಂದು ಮಾತು. ನೀವು ಅಲ್ಲಿ ಕೂತ್ಕೊಂಡ್ರಾ?"

"ಎಲ್ಲಿ?"

"ಮನೇಲಿ. ಅಂದರ್. ಒಳಗೆ ಕೂತ್ಕೊಂಡು ಕೇಳಿದ್ರಾ, ಇಲ್ಲಾ ಖಡೇ ಖಡೇ, ನಿಂತೇ?"

ಮೈ ಉರಿದುಹೋಯಿತು. "ನಂಗೆ ಪಾಠ ಹೇಳ್ಕೊಡ್ತೀಯಾ? ಪ್ರಶ್ನೆ ಹೇಗಿದೆಯೋ ಹಾಗೆ ಓದಬೇಕು ಅಂತ ಟ್ರೇನಿಂಗಲ್ಲಿ ಹೇಳಿರ್ಲಿಲ್ವಾ?"

"ಹೇಳಿದ್ರು. ಓದ್ತೀನಿ ಕೂಡ. ಲೇಕಿನ್ ಅದಕ್ಕೆ ಅವರು ಸುಳ್ಳು ಹೇಳ್ತಾರಲ್ಲ ಅಕ್ಕ. ಒಂದ್ಸಲ ನನ್ನ ಜೊತೆ ಬನ್ನಿ. ಏಕ್ ಬಾರ್. ಆಮೇಲೆ ತೆಗೆದುಹಾಕಿ ಬೇಕಾದ್ರೆ."

ನಾನು ಹೋಗಲು ಒಪ್ಪಿದ್ದು ಕರುಣೆಯಿಂದಲ್ಲ. ಇವಳು ಹೆಂಗಸರಿಗೆ ಹೇಳಿಕೊಟ್ಟು ಉತ್ತರ ಹೊರಡಿಸುತ್ತಿದ್ದಾಳೆ, ಅದನ್ನೂ ಕಣ್ಣಾರೆ ಕಂಡು ಬರೆದುಬಿಡೋಣ ಎಂಬ ಲೆಕ್ಕಾಚಾರದಿಂದ. ಯಾರಿಗೂ ಮೊದಲೇ ತಿಳಿಸಬಾರದು ಎಂದು ಷರತ್ತು ಹಾಕಿದೆ. ಯಾವ ದಿನ ಎನ್ನುವುದನ್ನು ಅವಳಿಗೂ ಬೆಳಿಗ್ಗೆಯಷ್ಟೇ ಹೇಳಿದೆ.

ಓಣಿಯ ಕೊನೆಯ ಮನೆಯನ್ನೇ ಆರಿಸಿದೆ, ಐವತ್ತೇಳರ ಮುದುಕಿಯದು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತಳು. ಬಟಾಣಿ ಸುಲಿಯುತ್ತಿದ್ದ ಮುದುಕಿಯ ಮುಂದಿನ ಮೊರಕ್ಕೆ ತಾನೂ ಕೈ ಹಾಕಿದಳು. ನಾನು ಬಾಗಿಲ ಬಳಿ ಕೂತೆ, ಪೆನ್ನು ಹಿಡಿದು. ಇವಳು ಹಿಂದಿಯಲ್ಲಿ ಮಾತು ಶುರು ಮಾಡಿದಳು. ಆ ಹಿಂದಿ ಅವಳ ಕನ್ನಡದ ಹಾಗೆ ಕಾಲೆಳೆಯುತ್ತಿರಲಿಲ್ಲ.

"ಅಮ್ಮಾ, ಯಮುನೆ ಉಕ್ಕಿ ಬಂತಲ್ಲ, ಆವಾಗ ಎಲ್ಲಿದ್ರಿ?"

"ಅಯ್ಯೋ, ಅದನ್ನ ಕೇಳಬೇಡ. ಆಚೆ ದಡದಲ್ಲಿದ್ದೆವು. ಮಕ್ಕಳನ್ನ ಕಟ್ಟಿಕೊಂಡು ಸೂರಿನ ಮೇಲೆ ಹತ್ತಿ ಕೂತಿದ್ದೆ."

"ದೊಡ್ಡವನು ಆಗ ಎಷ್ಟು ದೊಡ್ಡವನು?"

"ಹತ್ತು ತುಂಬಿತ್ತು. ಅವನೇ ತಂಗಿಯರನ್ನ ಹಿಡಿದುಕೊಂಡಿದ್ದ."

"ಅವನು ಹುಟ್ಟಿದ್ದು ಗಂಡನ ಮನೆಗೆ ಬಂದು ಎಷ್ಟು ವರ್ಷಕ್ಕೆ?"

"ಮೂರನೇ ವರ್ಷಕ್ಕೆ. ಅತ್ತೆ ಬಾಯಿಗೆ ಬಂದ ಹಾಗೆ ಬೈಯೋಳು, ಇನ್ನೂ ಏನೂ ಇಲ್ವಲ್ಲ ಅಂತ."

"ಗಂಡನ ಮನೆಗೆ ಹೊರಟಾಗ ನಿಮ್ಮ ಓರಗೆಯವರು ಯಾರಿದ್ರು?"

ಮುದುಕಿ ನಕ್ಕಳು. "ಮಾಸ್ತರರ ಮಗಳು. ನಾನು ಅವಳು ಒಂದೇ ತಿಂಗಳಲ್ಲಿ ಹುಟ್ಟಿದ್ದು. ನಾನು ಹೊರಟ ವರ್ಷ ಅವಳು ಎಂಟನೇ ಕ್ಲಾಸಿನಲ್ಲಿ ಎರಡನೇ ಸಲ ಫೇಲಾಗಿದ್ದಳು. ಅವರಪ್ಪ ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದ, ಹದಿನಾರು ತುಂಬಿತು, ಇನ್ನೂ ಎಂಟನೇ ಕ್ಲಾಸು ಅಂತ."

ನಾನು ಹಾಳೆಯ ಅಂಚಿನಲ್ಲಿ ಕೂಡುತ್ತಿದ್ದೆ. ಹದಿನಾರು, ಮೂರು, ಹತ್ತು. ಎಪ್ಪತ್ತೆಂಟರ ಆ ಪ್ರವಾಹ ಬಂದು ಇಪ್ಪತ್ತೆಂಟು ವರ್ಷ. ಒಟ್ಟು ಐವತ್ತೇಳು. ಇನ್ನೊಮ್ಮೆ ಕೂಡಿದೆ, ಎಲ್ಲಾದರೂ ತಪ್ಪು ಸಿಕ್ಕೀತೆಂದು. ಐವತ್ತೇಳೇ.

ಆಮೇಲೆ ಅವಳು ಸೊಸೆಯ ಕಡೆ ತಿರುಗಿದಳು. ಮೊದಲು ಪುಸ್ತಕದ ಪ್ರಶ್ನೆಯನ್ನೇ ಓದಿದಳು. ಸೊಸೆ ನನ್ನನ್ನು ಓರೆಗಣ್ಣಿನಿಂದ ನೋಡಿ, ಇಲ್ಲ, ಎಲ್ಲರೂ ಉಣ್ಣುತ್ತೇವೆ ಎಂದಳು. ಹುಡುಗಿ ತಲೆಯಾಡಿಸಿ ಬಟಾಣಿ ಸುಲಿಯುತ್ತಲೇ ಕೇಳಿದಳು.

"ನಿನ್ನೆ ರಾತ್ರಿ ರೊಟ್ಟಿ ಎಷ್ಟು ಮಾಡಿದ್ದೆ ಭಾಭಿ?"

"ಹನ್ನೆರಡು."

"ಭಯ್ಯಾ ಎಷ್ಟು ತಿಂದ್ರು?"

"ನಾಲ್ಕು. ದಿನವಿಡೀ ಇಟ್ಟಿಗೆ ಹೊತ್ತು ಬರೋನು."

"ಮಕ್ಕಳು?"

"ಮೂರು ಜನಕ್ಕೂ ಎರಡೆರಡು."

"ಅಮ್ಮ?"

"ಎರಡು."

ನಾನೂ ಬೆರಳು ಮಡಿಸುತ್ತಿದ್ದೆ. ನಾಲ್ಕು, ಆರು, ಎರಡು. ಹನ್ನೆರಡಾಯಿತು. ಸೊಸೆಯೂ ಲೆಕ್ಕ ಹಾಕಿಕೊಂಡಳೆಂದು ಕಾಣುತ್ತದೆ, ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು.

"ಮತ್ತೆ ನೀನು?"

"ನಾನು ಚಹಾ ಕುಡಿದೆ."

"ಮೊನ್ನೆ?"

"ಮೊನ್ನೆ ಅರ್ಧ ಉಳಿದಿತ್ತು. ಏನು ಇದೆಲ್ಲಾ, ಬಿಡು. ಇದನ್ನೂ ಬರೀತೀಯಾ?"

ಮುದುಕಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲವೇನೋ. ನಾಲ್ಕು ದಿನಗಳ ಹಿಂದೆ ಇದೇ ಹೆಂಗಸು ನನಗೆ ಎಲ್ಲರೂ ಉಣ್ಣುತ್ತೇವೆ ಎಂದಿದ್ದಳು, ನಾನದನ್ನು ಸತ್ಯವೆಂದು ಬರೆದುಕೊಂಡಿದ್ದೆ. ಯಾರನ್ನೂ ನಂಬದ ನಾನು ನಂಬಿದ್ದು ಆ ಒಂದು ಮಾತನ್ನು, ಅದೂ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾ.

ವಾಪಸು ಬರುವಾಗ ಶೇರ್ ಆಟೋದಲ್ಲಿ ಕೇಳಿದೆ, "ಈ ಥರ ಕೇಳೋದು ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ ಅಕ್ಕ. ಅಪ್ಪನ ಹೋಟೆಲಲ್ಲಿ ಗಿರಾಕಿಗಳೆಲ್ಲಾ ಹೋದ್ಮೇಲೆ ಕೆಲಸದವರ ಊಟ. ಲಾಸ್ಟಲ್ಲಿ ಕೂರೋದು ಪಾತ್ರೆ ತೊಳೆಯೋರು. ಊಟ ಆಯ್ತಾ ಅಂತ ಓನರ್ ಕೇಳಿದ್ರೆ ಎಲ್ಲರೂ ಹಾಂ ಆಯ್ತು ಅಂತಾರೆ. ಅಪ್ಪ ಹಾಗೆ ಕೇಳ್ತಾನೇ ಇರ್ಲಿಲ್ಲ. ಕೊನೇಲಿ ಕೂತವನಿಗೆ ಏನು ಉಳಿದಿತ್ತು ಅಂತ ಕೇಳೋರು."

ಮರುದಿನ ಬೆಳಿಗ್ಗೆ ಮೇಲಧಿಕಾರಿಯ ಕೋಣೆಗೆ ಹೋದೆ. ನನ್ನ ಚೆಕ್ ತಪ್ಪು, ಅವಳ ಫಾರ್ಮು ಸರಿ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು. ಚಹಾ ತರಿಸಿದರು.

"ನೀವು ಪ್ರಶ್ನೆ ಇದ್ದ ಹಾಗೇ ಓದಿದ್ರಿ ತಾನೆ?"

"ಹೌದು ಸರ್."

"ಅವಳು?"

"ಅವಳೂ ಓದ್ತಾಳೆ. ಆಮೇಲೆ ರೊಟ್ಟಿ ಎಣಿಸ್ತಾಳೆ."

"ಮೊದಲನೇ ಸಲ ಅಳೆದಾಗ ಯಾರೂ ರೊಟ್ಟಿ ಎಣಿಸಿರಲಿಲ್ಲ. ಈಗ ಎಣಿಸಿದ್ರೆ ಹಸಿವು ಹೆಚ್ಚಾದ ಹಾಗೆ ಕಾಣುತ್ತೆ. ಹೆಚ್ಚಾಗಿರೋದು ಹಸಿವಲ್ಲ, ಕೇಳೋ ರೀತಿ ಬೇರೆ ಆಗಿದೆ. ಹೌದೋ ಅಲ್ವೋ?"

ಹೌದು, ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. "ಹಾಗಾದ್ರೆ ಎಲ್ಲಾ ಬಸ್ತಿಯಲ್ಲೂ ಎಣಿಸೋಣ ಸರ್. ಹಳೇ ಲೆಕ್ಕ ತಪ್ಪಿತ್ತು ಅಂತ ವರದೀಲಿ ಬರೆಯೋಣ" ಎಂದೆ.

ಅವರು ನಕ್ಕರು, ಬೇಸರದ ನಗು. ಡ್ರಾಯರಿನಿಂದ ಒಂದು ಖಾಲಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು. "ಚಲೋ, ಒಂದು ಕೆಲಸ ಮಾಡಿ. ನಿಮ್ಮ ಆರು ಮನೆಯ ಚೆಕ್ ತಪ್ಪು ಅಂತ ಬರೆದು ಸಹಿ ಮಾಡಿ ಕೊಡಿ. ಅವಳನ್ನ ಇಟ್ಕೋತೀನಿ. ಆದರೆ ಇದೇ ಥರ ಬಾಗಿಲಲ್ಲಿ ನಿಂತು ಈ ವರ್ಷವೆಲ್ಲ ಮಾಡಿದ ಚೆಕ್‌ಗಳ ಗತಿ ಏನು ಅಂತ ಮೇಲಿನವರು ಕೇಳ್ತಾರೆ. ಅದಕ್ಕೂ ಉತ್ತರ ನೀವೇ ಕೊಡಬೇಕು. ಸಂಜೆವರೆಗೆ ಟೈಮಿದೆ."

ಆ ಹಾಳೆಯನ್ನು ನನ್ನ ಮೇಜಿಗೆ ತಂದೆ. ಮೇಲೆ ದಿನಾಂಕ ಬರೆದೆ. ನನ್ನ ಪರೀಕ್ಷೆಯಿಂದ ಹಿಂದೆ ಮನೆಗೆ ಕಳಿಸಿದ್ದ ಆ ಇಬ್ಬರು ನೆನಪಾದರು. ಅವರೂ ಎಲ್ಲಾದರೂ ನೆಲದ ಮೇಲೆ ಕೂತು ಲೆಕ್ಕ ಹಾಕಿದ್ದರೋ ಏನೋ, ಯಾರಿಗೆ ಗೊತ್ತು, ನಾನು ಕೇಳಿದ್ದರೆ ತಾನೆ. ಸಂಜೆ ಐದೂವರೆಗೆ ಹಾಳೆಯಲ್ಲಿ ದಿನಾಂಕ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹೇಡಿತನ ಎಂದರೆ ಹೇಡಿತನವೇ. ಅದಕ್ಕೆ ಬೇರೆ ಹೆಸರು ನಾನು ಇವತ್ತಿಗೂ ಹುಡುಕಿಲ್ಲ.

ವಾರದ ಕೊನೆಗೆ ಅವಳು ಗುರುತಿನ ಚೀಟಿ, ಚೀಲ ಒಪ್ಪಿಸಲು ಬಂದಳು. ನಾನು ಹಾಳೆಯ ವಿಷಯ ಹೇಳಲಿಲ್ಲ. ಅವಳಿಗೆ ಗೊತ್ತಿತ್ತೆಂದೇ ನನ್ನ ಅನುಮಾನ. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಅಕ್ಕ, ಒಂದು ಕೆಲಸ ಬಾಕಿ ಇದೆ. ಆ ಅಮ್ಮನಿಗೆ ಅವರ ವಯಸ್ಸನ್ನ ಒಂದು ಕಾಗದದ ಮೇಲೆ ಬರೆದು ಕೊಡ್ತೀನಿ ಅಂದಿದ್ದೆ. ವಾದಾ ಮಾಡಿದ್ದೆ, ಮಾತು ಕೊಟ್ಟಿದ್ದೆ. ನನಗೆ ಆ ಗಲ್ಲಿಗೆ ಹೋಗೋಕೆ ಈಗ ಮುಖ ಇಲ್ಲ. ಇಷ್ಟೆಲ್ಲಾ ಕೇಳಿ ಏನು ಮಾಡಿದೆ ಅಂದ್ರೆ ಏನು ಹೇಳಲಿ? ನೀವು ಕೊಟ್ಟುಬಿಡಿ."

ಫಾರ್ಮಿನಲ್ಲಿರುವ ಮಾಹಿತಿ ಹೊರಗೆ ಕೊಡುವಂತಿಲ್ಲ ಎನ್ನುವ ನಿಯಮ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ಭಾನುವಾರ ಹೋದೆ. ಒಂದು ಚೀಟಿಯಲ್ಲಿ ಮುದುಕಿಯ ಹೆಸರು, ಊರು, ವಯಸ್ಸು ದೇವನಾಗರಿಯಲ್ಲಿ ದುಂಡಗೆ ಬರೆದುಕೊಂಡಿದ್ದೆ. ಒಳಗೆ ಹೋಗಿ ಕೂತೆ. ಮುದುಕಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ಓದಲು ಬರುತ್ತಿರಲಿಲ್ಲ.

"ಎಷ್ಟು ಬರೆದಿದೆ?"

"ಐವತ್ತೇಳು."

"ಐವತ್ತೇಳು," ಎಂದು ತನಗೇ ಹೇಳಿಕೊಂಡಳು. ಸೊಸೆಯನ್ನು ಕರೆದು ಅವಳಿಗೂ ಹೇಳಿದಳು. ನಂತರ ನನ್ನನ್ನು ದಿಟ್ಟಿಸಿದಳು, ನಾನು ಎಲ್ಲರನ್ನೂ ನೋಡುವ ಹಾಗೆಯೇ. "ಪಕ್ಕಾ? ಆ ಹುಡುಗಿ ಸುಮ್ಮನೆ ಬರೆದದ್ದಲ್ಲ ತಾನೆ? ಯಾರಾದ್ರೂ ಚೆಕ್ ಮಾಡಿದ್ರಾ?"

"ಪಕ್ಕಾ ಅಮ್ಮಾ. ನಾನೇ ಚೆಕ್ ಮಾಡಿದ್ದೀನಿ."

"ಹಾಗಾದ್ರೆ ಕೆಳಗೆ ನಿಮ್ಮ ಸಹಿ ಹಾಕಿ. ಇಲ್ಲದಿದ್ರೆ ನಾಳೆ ಯಾರು ನಂಬ್ತಾರೆ?"

ಚೀಟಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಸಹಿ ಹಾಕಿದೆ. ಮುದುಕಿ ಅದನ್ನು ಮಡಿಸಿ ರೇಷನ್ ಕಾರ್ಡಿನ ಒಳಗಿಟ್ಟಳು. ಅವಳ ಆ ವಯಸ್ಸೇ ಸುಳ್ಳೆಂದು ಅದೇ ಸಹಿ ಹಾಕಿದ ಇನ್ನೊಂದು ಹಾಳೆ ಆಫೀಸಿನ ಕಪಾಟಿನಲ್ಲಿತ್ತು, ಮುಂದೆ ವರದಿ ಅಚ್ಚಾದದ್ದೂ ಅದನ್ನು ನಂಬಿಕೊಂಡೇ.